ಕಡಲ ಗಾಳದ ರೀಲು: ಬಾಳಿಕೆಯೂ ಬಿಡಿಭಾಗವೂ

ಈ ತಿಂಗಳ ಟಪಾಲಿನಲ್ಲಿ ನಮಗೆ ಬಂದ ಕಾಗದಗಳ ಪೈಕಿ ಎರಡು ಒಂದೇ ವಿಷಯವನ್ನು ಕುರಿತವು. ಮೊದಲನೆಯದು ನಂಜನಗೂಡಿನ ಗೃಹಸ್ಥರೊಬ್ಬರದು. ಅವರು ನೌಕರಿಯಿಂದ ನಿವೃತ್ತರಾದವರು. ವರ್ಷಕ್ಕೆ ಎರಡು ಸಲ ಕಲ್ಲಿಕೋಟೆಯ ಕಡೆಯ ಕಡಲ ದಡಕ್ಕೆ ಹೋಗಿ ಗಾಳ ಹಾಕತಕ್ಕವರು. “ಉಪ್ಪು ನೀರಿಗೆ ತಡೆಯುವ ರೀಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಳಿಕೆ ಬರುವುದು ಯಾವುದು? ಒಂದೇ ಸಲ ದುಡ್ಡು ಹಾಕಿ ಆಮೇಲೆ ನಿಶ್ಚಿಂತನಾಗಿರಬೇಕೆಂದಿದ್ದೇನೆ” ಎಂಬುದು ಅವರ ಪ್ರಶ್ನೆ.

ಎರಡನೆಯದು ತಿರುಮಕೂಡಲು ನರಸೀಪುರದ ಗೃಹಿಣಿಯೊಬ್ಬರದು. ಮಂಗಳೂರಿನಲ್ಲಿ ಕೆಲಸಕ್ಕಿರುವ ಅವರ ಮಗನು ತನ್ನ ಮೊದಲ ಸಂಬಳದಲ್ಲಿ ತಂದೆಗೆ ಒಂದು ಕಡಲ ರೀಲನ್ನು ಕೊಡಿಸಿದನಂತೆ. ಮೂರು ವರ್ಷ ಚೆನ್ನಾಗಿ ನಡೆಯಿತು. ಈಗ ಅದರ ಹಿಡಿಕೆ ಹಿಂದು ಮುಂದಾಗಿ ತಿರುಗುತ್ತದೆ. ತೋರಿಸಿದ ಎರಡು ಅಂಗಡಿಗಳಲ್ಲಿಯೂ “ಇದರ ಸಾಮಾನು ಸಿಕ್ಕುವುದಿಲ್ಲ, ಹೊಸದನ್ನು ಕೊಳ್ಳಿ” ಎಂದರಂತೆ. “ನಮ್ಮ ಯಜಮಾನರು ಅದನ್ನು ಟ್ರಂಕಿನಲ್ಲಿಟ್ಟು ಕಡಲಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಮಗನಿಗೆ ಇನ್ನೂ ಹೇಳಿಲ್ಲ. ಅದನ್ನು ಬಿಸಾಡಲೇಬೇಕೆ?” ಎಂದು ಆ ತಾಯಿ ಕೇಳಿದ್ದಾರೆ.

ಮೀನು ಹಿಡಿಯುವ ವಿಚಾರ ಎಲ್ಲ ಮನೆಗಳಿಗೂ ಒಪ್ಪತಕ್ಕದ್ದಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಇಲ್ಲಿ ಹೇಳುವ ಮಾತು ಹೊಲಿಗೆಯ ಯಂತ್ರಕ್ಕೂ ನೀರಿನ ಪಂಪಿಗೂ ಸಲ್ಲತಕ್ಕದ್ದು; ಆದುದರಿಂದ ಅಂಥವರೂ ಬೇಸರಪಡದೆ ಓದಬೇಕೆಂದು ಕೋರುತ್ತೇವೆ.

ಗಾಳದ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ನಮ್ಮ ಕಪಿಲೆಯಲ್ಲಿಯೇ 120 ಪೌಂಡು ತೂಗುವ ಮಹಶೀರ್ ಮೀನನ್ನು ಹಿಡಿದುದು ಬೇಟೆಗಾರರ ಲೋಕದಲ್ಲೆಲ್ಲ ಪ್ರಸಿದ್ಧವಾಗಿದೆ. ಕಾವೇರಿ ಮತ್ತು ಅದರ ಉಪನದಿಗಳ ಆ ಡುಬ್ಬದ ಮಹಶೀರನ್ನು 2018ರಲ್ಲಿ ಅತಿ ಅಪಾಯಕ್ಕೆ ಸಿಕ್ಕಿದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಹೊಳೆಯಲ್ಲಿ ಅದನ್ನು ಅದರ ಪಾಡಿಗೆ ಬಿಡುವುದೇ ಈಗ ಧರ್ಮ. ಕಡಲಾದರೋ ನಮಗೆ ತೀರ ದೂರದ್ದಲ್ಲ. ಕಲ್ಲಿಕೋಟೆಯಿಂದ ಕೊಳ್ಳೇಗಾಲಕ್ಕೆ ಬರುವ 766ನೆಯ ರಾಷ್ಟ್ರೀಯ ಹೆದ್ದಾರಿ ನಂಜನಗೂಡನ್ನೂ ನರಸೀಪುರವನ್ನೂ ಹಾದೇ ಹೋಗುತ್ತದೆ. ಹೀಗಿರುವಲ್ಲಿ ಹೊಳೆಯ ದಡದ ಮನೆಗಳಲ್ಲಿ ಕಡಲ ರೀಲು ಕಾಣುವುದು ಆಶ್ಚರ್ಯವಲ್ಲ.

ಮೊದಲು ಶತ್ರುವಿನ ಪರಿಚಯ ಮಾಡಿಕೊಳ್ಳೋಣ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದರೂ ಉಪ್ಪು ಉಳಿಯುತ್ತದೆ. ಉಳಿದ ಉಪ್ಪು ಗಾಳಿಯಲ್ಲಿನ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಲ್ಲುಪ್ಪಿನ ಮಡಕೆ ತಾನಾಗಿ ಒದ್ದೆಯಾಗುವುದನ್ನು ನೋಡದ ಗೃಹಿಣಿಯಿಲ್ಲ. ನಮ್ಮ ಹಿರಿಯರು ಉಪ್ಪಿನಕಾಯಿಯನ್ನು ಲೋಹದ ಪಾತ್ರೆಯಲ್ಲಿಡದೆ ಪಿಂಗಾಣಿಯ ಭರಣಿಯಲ್ಲಿಡುತ್ತಿದ್ದುದೂ ಉಪ್ಪೂ ಹುಳಿಯೂ ಲೋಹವನ್ನು ತಿನ್ನುವುವೆಂದೇ. ರೀಲನ್ನು ಭರಣಿಯಂತೆ ಪಿಂಗಾಣಿಯಿಂದ ಮಾಡಲಾಗದು. ಅದರಲ್ಲಿ ಅಲ್ಯೂಮಿನಿಯಂ, ಹಿತ್ತಾಳೆ, ಉಕ್ಕು ಇವು ಮೂರೂ ಒಂದರ ಮಗ್ಗುಲಲ್ಲೊಂದು ಕುಳಿತಿರುತ್ತವೆ. ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಸಣ್ಣದೊಂದು ವಿದ್ಯುತ್ ಪ್ರವಾಹ ಹುಟ್ಟಿ, ಅವುಗಳಲ್ಲಿ ದುರ್ಬಲವಾದುದು ಸವೆಯುತ್ತದೆ. ಉಕ್ಕಿನ ತಿರುಪಿನ ಸುತ್ತ ಅಲ್ಯೂಮಿನಿಯಂ ಬಿಳಿಯ ಹುಡಿಯಾಗಿ ಉದುರುವುದು ಇದರಿಂದಲೇ.

ಎರಡನೆಯ ಶತ್ರು ಮರಳು. ತಲಕಾಡಿನ ನೆರೆಯವರಾದ ನರಸೀಪುರದವರಿಗೆ, ಮರಳು ಎಲ್ಲೆಲ್ಲಿ ನುಗ್ಗಬಲ್ಲುದೆಂಬುದನ್ನು ನಾವು ಹೇಳಬೇಕಾಗಿಲ್ಲ.

ಇನ್ನು ರೀಲಿನಲ್ಲಿ ಕೆಡುವ ಭಾಗಗಳು ಯಾವುವು? ನೂಲು ಸುತ್ತಿರುವ ಸ್ಪೂಲು ಕದಲದೆ ನಿಂತು, ಅದರ ಸುತ್ತ ಒಂದು ಚೌಕಟ್ಟು ತಿರುಗಿ ನೂಲನ್ನು ಸುತ್ತುವುದೇ ಈ ಜಾತಿಯ ರೀಲಿನ ಲಕ್ಷಣ. ಇಂಗ್ಲೆಂಡಿನ ಇಲ್ಲಿಂಗ್‌ವರ್ತ್ ಎಂಬವರು 1905ರಲ್ಲಿ ಇಂಥದಕ್ಕೆ ಪೇಟೆಂಟು ಪಡೆದರು. ಆ ಮೇಲಿನ ರೀಲುಗಳೆಲ್ಲ ಆ ಯುಕ್ತಿಯ ಬೆಳವಣಿಗೆಯೇ ಆಗಿವೆ. ನೂಲು ಹಾದುಹೋಗುವ ಸಣ್ಣ ಉರುಳೆಯೊಂದಿದೆ, ಅದರೊಳಗೆ ಬೇರಿಂಗು. ಸದಾ ಒದ್ದೆಯಾದ ನೂಲು ಅದರ ಮೇಲೆಯೇ ಓಡುವುದರಿಂದ ಎಲ್ಲಕ್ಕಿಂತ ಮೊದಲು ತುಕ್ಕು ಹಿಡಿಯುವುದು ಇದೇ. ಬೇರಿಂಗಿನ ಮೇಲೆ ಸ್ಟೇನ್‌ಲೆಸ್ ಎಂದು ಬರೆದಿದ್ದರೂ ಮೋಸಹೋಗಬಾರದು. ಸವೆಯದಂತೆ ಗಡುಸು ಮಾಡಿದ ಆ ಉಕ್ಕು ನಮ್ಮ ಅಡಿಗೆಮನೆಯ ಸ್ಟೀಲಿನಷ್ಟು ತುಕ್ಕನ್ನು ತಡೆಯಲಾರದು. ಆಮೇಲೆ ನೂಲನ್ನು ಹಿಡಿಯುವ ಬೇಲು ಎಂಬ ತಂತಿಯ ಕಮಾನು, ಅದನ್ನು ಮಗುಚುವ ಸ್ಪ್ರಿಂಗು. ಮೀನು ಎಳೆದಾಗ ನೂಲನ್ನು ಹದವಾಗಿ ಬಿಡುವ ಬಿರಿಯ ವಾಷರುಗಳು. ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ಕ್ಲಚ್ಚು. ಕೊನೆಗೆ ಒಳಗಿನ ಹಲ್ಲುಚಕ್ರಗಳು. ಅಗ್ಗದ ರೀಲುಗಳಲ್ಲಿ ಈ ಚಕ್ರಗಳನ್ನು ಸತುವಿನ ಮಿಶ್ರಲೋಹದಿಂದ ಎರಕ ಹೊಯ್ದಿರುತ್ತಾರೆ. ಉತ್ತಮವಾದುವುಗಳಲ್ಲಿ ಹಿತ್ತಾಳೆಯನ್ನೋ ಉಕ್ಕನ್ನೋ ಗಟ್ಟಿ ಅಲ್ಯೂಮಿನಿಯಮನ್ನೋ ಕಡೆದು ಅಥವಾ ಒತ್ತಿ ಮಾಡಿರುತ್ತಾರೆ.

ಈಗ ನಂಜನಗೂಡಿನವರು ಕೇಳಿದ ಹೋಲಿಕೆಗೆ ಬರುತ್ತೇವೆ. ಪೇಟೆಯಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು ಮೂರು. ಅಮೆರಿಕದ ಫಿಲಡೆಲ್ಫಿಯದಲ್ಲಿ 1932ರಲ್ಲಿ ಆರಂಭವಾದ ಪೆನ್ ಒಂದು. ಜಪಾನಿನ ಶಿಮಾನೋ, ಡೈವಾ ಇವೆರಡು. ಶಿಮಾನೋ 1921ರಲ್ಲಿ ಸೈಕಲ್ಲಿನ ಬಿಡಿಭಾಗವನ್ನು ಮಾಡಲು ಹುಟ್ಟಿದ ಸಂಸ್ಥೆ. ಇಂದಿಗೂ ಬೆಲೆಬಾಳುವ ಸೈಕಲ್ಲುಗಳ ಗೇರಿನ ಮೇಲೆ ಅದರ ಹೆಸರನ್ನು ನೋಡಬಹುದು.

ಪೆನ್ ರೀಲುಗಳು ಕೊಂಚ ಭಾರವಾದುವು, ಜಪಾನಿನವುಗಳ ನಯವೂ ಅವುಗಳಿಗಿಲ್ಲ. ಆದರೆ ಅವುಗಳ ರಚನೆ ಸರಳ. ಪ್ರತಿಯೊಂದು ತಿರುಪಿಗೂ ಸಂಖ್ಯೆ ಕೊಟ್ಟ ನಕ್ಷೆಯನ್ನು ಸಂಸ್ಥೆಯು ಪ್ರಕಟಿಸುತ್ತದೆ, ಭಾಗಗಳನ್ನು ಬಿಡಿಬಿಡಿಯಾಗಿ ಮಾರುತ್ತದೆ. ಅದರ ಹಳೆಯ ಸ್ಪಿನ್‌ಫಿಶರುಗಳು ದಶಕಗಳ ತರುವಾಯವೂ ಬಳಕೆಯಲ್ಲಿರುವುದು ಇದರಿಂದಲೇ. ಈಚಿನ ಸ್ಪಿನ್‌ಫಿಶರ್, ಸ್ಲ್ಯಾಮರ್ ಇವುಗಳಿಗೆ ನೀರು ನುಗ್ಗದಂತೆ ರಬ್ಬರಿನ ಮೊಹರು ಹಾಕಿದ್ದಾರೆ. ಶಿಮಾನೋ ರೀಲಿನ ಹಲ್ಲುಚಕ್ರಗಳು, ಲೋಹವನ್ನು ಕಾಯಿಸದೆ ಭಾರವಾಗಿ ಒತ್ತಿ ಮಾಡಿದುವಾದುದರಿಂದ, ಬಹುಕಾಲ ನಯವಾಗಿ ತಿರುಗುತ್ತವೆ. ಇವರೂ ನಕ್ಷೆಗಳನ್ನು ಕೊಡುತ್ತಾರೆ. ಆದರೆ ಜಪಾನಿನ ಸಂಸ್ಥೆಗಳು ಮಾದರಿಗಳನ್ನು ಬೇಗ ಬೇಗ ಬದಲಾಯಿಸುವುದುಂಟು; ಮಾದರಿ ನಿಂತ ಕೆಲವು ವರ್ಷಗಳಲ್ಲಿ ಅದರ ಭಾಗಗಳೂ ತೀರಿಹೋಗುತ್ತವೆ. ಡೈವಾದವರ ಸಾಲ್ಟಿಗಾ ಎಂಬ ಬೆಲೆಬಾಳುವ ರೀಲಿನಲ್ಲಿ ಅಯಸ್ಕಾಂತಕ್ಕೆ ಅಂಟಿಕೊಳ್ಳುವ ಒಂದು ಬಗೆಯ ಎಣ್ಣೆಯೇ ಬಾಗಿಲಂತೆ ನಿಂತು ನೀರನ್ನು ತಡೆಯುತ್ತದೆ. ಯುಕ್ತಿ ಬಹಳ ಚೆಲುವಾದುದು. ಆದರೆ ಬಿಚ್ಚಿದರೆ ಆ ಎಣ್ಣೆ ಹೋಯಿತು, ಮತ್ತೆ ತುಂಬಲು ಸಂಸ್ಥೆಯ ಕಾರ್ಯಾಗಾರಕ್ಕೇ ಕಳಿಸಬೇಕು. ಅದೇ ಸಂಸ್ಥೆಯ ಬಿ.ಜಿ. ಎಂಬ ಸಾಧಾರಣ ಬೆಲೆಯ ರೀಲಿಗೆ ಈ ತೊಡಕಿಲ್ಲ. ಇವಲ್ಲದೆ ವ್ಯಾನ್ ಸ್ಟಾಲ್ ಎಂಬ ರೀಲೊಂದಿದೆ. ಗಟ್ಟಿ ಅಲ್ಯೂಮಿನಿಯಮಿನ ದಿಂಡಿನಿಂದ ಕಡೆದು, ಅಲೆಯಲ್ಲಿ ಮುಳುಗಿದರೂ ನೀರು ಹೋಗದಂತೆ ಮೊಹರು ಮಾಡಿದ್ದು. ಗಟ್ಟಿತನದಲ್ಲಿ ಅದಕ್ಕೆ ಸಾಟಿಯಾದುದು ವಿರಳ. ಆದರೆ ದುರಸ್ತಿಗೆ ಅದೂ ತವರಿಗೇ ಹೋಗಬೇಕು.

ಮೊಹರಿನ ವಿಚಾರವಾಗಿ ಒಂದು ಮಾತು. ಡಬ್ಬಿಯ ಮೇಲೆ ಐ.ಪಿ.ಎಕ್ಸ್. 5 ಎಂದೋ 6 ಎಂದೋ ಅಚ್ಚು ಮಾಡಿರುತ್ತಾರೆ. 5 ಎಂದರೆ ಸುತ್ತಲಿಂದ ಬರುವ ನೀರಿನ ಚಿಲುಮೆಯನ್ನೂ, 6 ಎಂದರೆ ಇನ್ನೂ ಬಿರುಸಾದ ಚಿಲುಮೆಯನ್ನೂ ತಡೆಯಿತೆಂದು ಅರ್ಥ. ನೀರಿನಲ್ಲಿ ಮುಳುಗಿಸಿದರೂ ತಡೆಯುವುದೆಂದು ಅರ್ಥವಲ್ಲ. ಈ ಪರೀಕ್ಷೆ ಹೊಸ ರೀಲಿಗೆ ಮಾಡಿದ್ದು. ಮೊಹರು ರಬ್ಬರು, ಕುಕ್ಕರಿನ ಗ್ಯಾಸ್ಕೆಟ್ಟಿನಂತೆ ಅದೂ ವರ್ಷಗಳ ಮೇಲೆ ಸಡಿಲವಾಗುತ್ತದೆ. ಗ್ಯಾಸ್ಕೆಟ್ಟು ಸಿಕ್ಕದ ಕುಕ್ಕರನ್ನು ಯಾವ ಗೃಹಿಣಿಯಾದರೂ ಕೊಳ್ಳುವಳೆ?

ನಾವು ಒತ್ತಿ ಹೇಳಬೇಕೆಂದಿರುವ ಮಾತು ಇದೇ. ರೀಲಿನ ಬಾಳಿಕೆ ಅದರ ಲೋಹದಲ್ಲಿ ಅರ್ಧ ಮಾತ್ರ ಇದೆ. ಉಳಿದರ್ಧ ಅದರ ಬಿಡಿಭಾಗ ನಮ್ಮ ಕೈಗೆ ಎಟಕುವುದರಲ್ಲಿದೆ. ಇದನ್ನು ನಾವು ದುಡ್ಡು ತೆತ್ತು ಕಲಿತೆವು. ಕೆಲವು ವರ್ಷಗಳ ಹಿಂದೆ ನಾವೂ ನಂಜನಗೂಡಿನ ಮಿತ್ರರಂತೆಯೇ ಯೋಚಿಸಿ, ಕೈಯಲ್ಲಿದ್ದುದನ್ನೆಲ್ಲ ಕೂಡಿಸಿ, ಬಹು ಬೆಲೆಯ ರೀಲೊಂದನ್ನು ಕೊಂಡೆವು. ಅದರ ಮೈ ಇಂದಿಗೂ ಕನ್ನಡಿಯಂತಿದೆ, ಹಲ್ಲುಚಕ್ರಗಳು ಒಂದಿಷ್ಟೂ ಸವೆದಿಲ್ಲ. ಆದರೆ ನಾಲ್ಕನೆಯ ವರ್ಷ ಮಲ್ಪೆಯ ಬಂಡೆಯ ಮೇಲೆ ನಿಂತಿದ್ದಾಗ ಬೇಲಿನ ಸ್ಪ್ರಿಂಗು ಮುರಿಯಿತು. ಕಿವಿಯ ಓಲೆಯಷ್ಟು ತೂಕವಿಲ್ಲದ ಸಾಮಾನು ಅದು! ಮಾರಿದವರನ್ನು ಕೇಳಿದಾಗ ಆ ಮಾದರಿ ನಿಂತುಹೋಗಿದೆಯೆಂದರು. ಪರದೇಶಕ್ಕೆ ಬರೆದು, ತಿಂಗಳುಗಟ್ಟಲೆ ಕಾದು, ಬರಿಗೈಯಾದೆವು. ಗಡಿಯಾರ ರಿಪೇರಿ ಮಾಡುವ ಸ್ನೇಹಿತರೊಬ್ಬರು ಉಕ್ಕಿನ ತಂತಿಯನ್ನು ಸುತ್ತಿ ಒಂದು ಸ್ಪ್ರಿಂಗು ಮಾಡಿಕೊಟ್ಟರು. ಅದು ಒಂದು ಪ್ರಯಾಣಕ್ಕೆ ಬಂತು, ಎರಡನೆಯದಕ್ಕೆ ಬರಲಿಲ್ಲ. ಆನೆಯ ಬೆಲೆ ಕೊಟ್ಟು ಅಂಕುಶವಿಲ್ಲದೆ ಕುಳಿತವನ ಪಾಡು ನಮ್ಮದಾಯಿತು.

ಆದುದರಿಂದ ಕೊಳ್ಳುವ ಮೊದಲು, ಕೆಡಬಹುದಾದ ಭಾಗಗಳನ್ನು ಎರಡು ಪಂಕ್ತಿಯಾಗಿ ವಿಂಗಡಿಸಬೇಕು: ನಮ್ಮ ಊರು ಕೊಡಬಲ್ಲುವು, ತಯಾರಿಸಿದವನು ಮಾತ್ರ ಕೊಡಬಲ್ಲುವು. ಮೊದಲ ಪಂಕ್ತಿಯಲ್ಲಿ ಬೇರಿಂಗು ಮುಖ್ಯವಾದುದು. ಬೇರಿಂಗುಗಳ ಅಳತೆ ಲೋಕಕ್ಕೆಲ್ಲ ಒಂದೇ. ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರನ್ನು ಅಳೆದುಕೊಂಡು ಹೋದರೆ ಸಾಕು. ನಿದರ್ಶನಕ್ಕೆ, 608 ಎಂಬ ಸಂಖ್ಯೆಯದು ಎಲ್ಲಿಯೇ ಕೊಂಡರೂ 8 ಮಿಲಿಮೀಟರು ಒಳಗೆ, 22 ಹೊರಗೆ, 7 ದಪ್ಪ. ರೀಲಿನವು ಇದಕ್ಕಿಂತ ಸಣ್ಣವು. ಲೆಕ್ಕ ಮಾತ್ರ ಇದೇ. ಮೈಸೂರಿನಂಥ ಊರಿನ ಬೇರಿಂಗು ಅಂಗಡಿಯಲ್ಲಿ ಇವು ಇಲ್ಲದಿದ್ದರೆ ತರಿಸಿಕೊಡುತ್ತಾರೆ. ತುಕ್ಕು ತಡೆಯುವ ಜಾತಿಯದನ್ನೇ ಕೇಳಬೇಕು. ರಬ್ಬರಿನ ಬಳೆಗಳೂ ಸಣ್ಣ ತಿರುಪುಗಳೂ ಹೀಗೆಯೇ ಅಳತೆಯಿಂದ ದೊರೆಯತಕ್ಕವು. ಬಿರಿಯ ವಾಷರುಗಳನ್ನು, ತಕ್ಕ ಹಾಳೆ ಸಿಕ್ಕಿದರೆ, ಕೈಯಲ್ಲಿ ನೆಮ್ಮದಿಯುಳ್ಳವರು ಕತ್ತರಿಸಿಕೊಳ್ಳಬಹುದು.

ಎರಡನೆಯ ಪಂಕ್ತಿಯಲ್ಲಿ ಬೇಲಿನ ಸ್ಪ್ರಿಂಗು, ಕ್ಲಚ್ಚು, ಉರುಳೆ, ಹಲ್ಲುಚಕ್ರಗಳು. ಇವುಗಳಿಗೆ ಯಾವ ಕಮ್ಮಾರಸಾಲೆಯೂ ನೆರವಾಗದು. ಇವುಗಳಲ್ಲಿ ಮೊದಲ ಮೂರು ಸಣ್ಣ ಸಾಮಾನುಗಳು. ಒಂದು ಲಕೋಟೆಯಲ್ಲಿ ಹಿಡಿಯುತ್ತವೆ. ರೀಲನ್ನು ತರಿಸುವ ದಿನವೇ ಇವನ್ನೂ ತರಿಸಿ ಡಬ್ಬಿಯಲ್ಲಿಡಬೇಕು. ಆಮೇಲೆ ಒಂದೊಂದಾಗಿ ತರಿಸಿದರೆ ಸಾಮಾನಿಗಿಂತ ಅಂಚೆಯ ವೆಚ್ಚವೂ ಸುಂಕವೂ ಹೆಚ್ಚಾಗುತ್ತವೆ. ಮಾದರಿ ನಿಂತಮೇಲೆ ಆ ಹಣಕ್ಕೂ ಸಿಕ್ಕುವುದಿಲ್ಲ.

ಹಾಗಾದರೆ ನಂಜನಗೂಡಿನವರು ಯಾವುದನ್ನು ಕೊಳ್ಳಬೇಕು? ವರ್ಷಕ್ಕೆ ಎರಡು ಸಲ ಕಡಲಿಗೆ ಹೋಗುವವರಿಗೆ, ನಿತ್ಯ ದೋಣಿಯಲ್ಲಿ ಹೋಗುವವರ ರೀಲು ಅನಾವಶ್ಯಕ. ನಡುಮಟ್ಟದ ಬೆಲೆಯದು, ಸಾಧಾರಣ ತಿರುಪುಳಿಯಿಂದ ಬಿಚ್ಚಬರುವುದು, ನಕ್ಷೆ ಪ್ರಕಟವಾಗಿರುವುದು, ಮಾರುಕಟ್ಟೆಗೆ ಬಂದು ಒಂದೆರಡು ವರ್ಷವಾಗಿ ಇನ್ನೂ ತಯಾರಾಗುತ್ತಿರುವುದು, ಇಂಥದನ್ನು ಆರಿಸಬೇಕು. ಪೆನ್ನಿನ ಸ್ಪಿನ್‌ಫಿಶರು ಈ ಲಕ್ಷಣಕ್ಕೆ ಹತ್ತಿರವಾದುದು. ನಯ ಬೇಕೆನ್ನುವವರು ಜಪಾನಿನ ನಡುಮಟ್ಟದ ರೀಲನ್ನು, ಸ್ಪ್ರಿಂಗು ಕ್ಲಚ್ಚುಗಳ ಸಮೇತ, ತರಿಸಿಕೊಳ್ಳಲಿ. ಅತಿ ಬೆಲೆಯ ರೀಲಿಗೆ ಮೀಸಲಿಟ್ಟ ಹಣದಲ್ಲಿ ಇದೂ ಇದರ ಬಿಡಿಭಾಗವೂ ಎರಡು ಪ್ರಯಾಣದ ಖರ್ಚೂ ಕಳೆದು ಮಿಗಬಹುದು. “ಒಂದೇ ಸಲ ದುಡ್ಡು ಹಾಕಿ ನಿಶ್ಚಿಂತನಾಗಿರಬೇಕು” ಎಂಬ ಅವರ ಆಸೆಯನ್ನು ಯಾವ ಸಂಸ್ಥೆಯೂ ನೆರವೇರಿಸಲಾರದು. ಉಪ್ಪಿನೊಡನೆ ವ್ಯವಹಾರವಿರುವ ತನಕ ಚಿಂತೆ ತಪ್ಪದು. ಚಿಂತೆ ಸಣ್ಣದಾಗಿರುವಂತೆ ಮಾಡಿಕೊಳ್ಳಬಹುದು, ಅಷ್ಟೆ.

ಆರೈಕೆಯ ವಿಷಯ ಹೆಚ್ಚಿಲ್ಲ. ಕಡಲಿನಿಂದ ಬಂದ ದಿನವೇ, ಇಳಿದುಕೊಂಡ ಊರಿನಲ್ಲಿಯೇ, ರೀಲನ್ನು ಸಿಹಿನೀರಿನಿಂದ ತೊಳೆಯಬೇಕು. ಮನೆಗೆ ಹೋಗಿ ತೊಳೆದರಾಯಿತೆಂದರೆ ದಾರಿಯುದ್ದಕ್ಕೂ ಉಪ್ಪು ಹರಳುಗಟ್ಟುತ್ತದೆ. ಅದರಲ್ಲಿಯೂ ರಾತ್ರಿ 9ರಿಂದ ಬೆಳಗಿನ 6ರ ವರೆಗೆ ಬಂಡೀಪುರದ ಕಾಡಿನ ದಾರಿಯಲ್ಲಿ ವಾಹನಗಳಿಗೆ ತಡೆಯಿರುವುದರಿಂದ, ಕಲ್ಲಿಕೋಟೆಯ ಕಡೆಯಿಂದ ತಡವಾಗಿ ಹೊರಟವರ ರೀಲು ಒಂದು ಇಡೀ ರಾತ್ರಿ ಉಪ್ಪಿನಲ್ಲಿಯೇ ಕಳೆಯುತ್ತದೆ. ತೊಳೆಯುವಾಗ ಬಿರಿಯನ್ನು ಬಿಗಿಮಾಡಿ, ಸಣ್ಣಗೆ ಚಿಮುಕಿಸಬೇಕು. ರಭಸದ ನೀರು ಉಪ್ಪನ್ನು ಒಳಕ್ಕೆ ನೂಕುತ್ತದೆ. ಬಕೀಟಿನಲ್ಲಿ ಮುಳುಗಿಸಕೂಡದು. ಒರೆಸಿ, ನೆರಳಿನಲ್ಲಿ ಆರಿಸಿ, ವಾಷರುಗಳು ಅಮುಕದಂತೆ ಬಿರಿಯನ್ನು ಸಡಿಲಮಾಡಿ ಇಡಬೇಕು. ಉರುಳೆಯ ಬೇರಿಂಗಿಗೆ ಒಂದು ತೊಟ್ಟು ಎಣ್ಣೆ. ಹಲ್ಲುಚಕ್ರಗಳಿಗೆ ವರ್ಷಕ್ಕೊಮ್ಮೆ ಉಪ್ಪುನೀರಿಗೆ ತಡೆಯುವ ಗ್ರೀಸು.

ನರಸೀಪುರದ ತಾಯಿಗೆ ನಾವು ಕೂಡಲೆ ಮರು ಟಪಾಲಿನಲ್ಲಿ ಒಂದು ಪ್ರಶ್ನೆ ಬರೆದೆವು: ತಮ್ಮ ಯಜಮಾನರು ರೀಲಿಗೆ ಗ್ರೀಸನ್ನು ಎಲ್ಲೆಲ್ಲಿ, ಎಷ್ಟೆಷ್ಟು ಹಾಕುತ್ತಾರೆ? ಉತ್ತರ ಬಂತು: “ಮಗ ಕೊಟ್ಟದ್ದೆಂದು ಬಹಳ ಜೋಪಾನ. ಪ್ರತಿ ಸಲವೂ ಒಳಗೆಲ್ಲ ಧಾರಾಳವಾಗಿ ತುಂಬುತ್ತಾರೆ.” ನಮಗೆ ಬೇಕಾದ ಸುಳಿವು ಅದರಲ್ಲಿಯೇ ಇತ್ತು. ಹಿಡಿಕೆಯನ್ನು ಹಿಂದಕ್ಕೆ ಬಿಡದ ಆ ಕ್ಲಚ್ಚಿನೊಳಗೆ ಸೂಜಿಯಂಥ ಸಣ್ಣ ಉರುಳೆಗಳು ಇಳಿಜಾರಾದ ಗೂಡುಗಳಲ್ಲಿರುತ್ತವೆ. ಮುಂದಕ್ಕೆ ತಿರುಗಿಸಿದರೆ ಸಡಿಲವಾಗುತ್ತವೆ, ಹಿಂದಕ್ಕೆ ತಿರುಗಿಸಿದರೆ ಬೆಣೆಯಂತೆ ಸಿಕ್ಕಿಕೊಂಡು ತಡೆಯುತ್ತವೆ. ದಪ್ಪ ಗ್ರೀಸು ತುಂಬಿದರೆ ಅವು ತಮ್ಮ ಜಾಗಕ್ಕೆ ಸರಿಯಲಾರದೆ ಜಾರುತ್ತವೆ. ಎಲ್ಲ ಕಡೆಗೂ ಒಳ್ಳೆಯದಾದ ಗ್ರೀಸು ಅಲ್ಲೊಂದು ಕಡೆ ವಿಷ. ಕ್ಲಚ್ಚು ಮುರಿದಿರಲಿಲ್ಲ, ಅತಿಯಾದ ಅಕ್ಕರೆಯಿಂದ ಉಸಿರು ಕಟ್ಟಿತ್ತು.

ಅವರಿಗೆ ಹೀಗೆ ಬರೆದೆವು. ಬಿಳಿಯ ಬಟ್ಟೆ ಹಾಸಿ, ಒಂದೊಂದು ಭಾಗ ತೆಗೆದಂತೆಲ್ಲ ಮೊಬೈಲಿನಲ್ಲಿ ಚಿತ್ರ ಹಿಡಿದುಕೊಂಡು, ಕ್ಲಚ್ಚಿನ ತನಕ ಬಿಚ್ಚಬೇಕು. ಕ್ಲಚ್ಚನ್ನು ಮಾತ್ರ ಬಿಡಿಸಕೂಡದು. ಉರುಳೆಗಳು ಚೆದರಿದರೆ ಮತ್ತೆ ಕೂಡಿಸುವುದು ಕಷ್ಟ. ಇಡಿಯಾಗಿಯೇ ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ಎರಡು ಮೂರು ಸಲ ಅದ್ದಿ ತೊಳೆದು, ಚೆನ್ನಾಗಿ ಆರಿಸಿ, ತೆಳುವಾದ ಎಣ್ಣೆಯನ್ನು ಒಂದೇ ತೊಟ್ಟು ಬಿಡಬೇಕು. ಈ ಕೆಲಸವನ್ನು ಒಲೆಯ ಹತ್ತಿರ ಎಂದಿಗೂ ಮಾಡಬಾರದು. ತೊಳೆದ ಮೇಲೂ ಜಾರಿದರೆ ಉರುಳೆಗಳು ಸವೆದಿವೆಯೆಂದು ತಿಳಿಯಬೇಕು. ಆಗ ರೀಲಿನ ಕಾಲಿನ ಮೇಲಿರುವ ಸಂಖ್ಯೆಯನ್ನು ಮಗನಿಗೆ ತಿಳಿಸಿ ಹೊಸ ಕ್ಲಚ್ಚು ತರಿಸಲು ಹೇಳಲಿ. ಕೊಟ್ಟ ಸಾಮಾನನ್ನು ತಂದೆ ಬಳಸಿ ಸವೆಸಿದನೆಂದು ಕೇಳಿದರೆ ಯಾವ ಮಗನೂ ನೊಂದುಕೊಳ್ಳುವುದಿಲ್ಲ. ಟ್ರಂಕಿನಲ್ಲಿ ಬಚ್ಚಿಟ್ಟನೆಂದರೆ ನೊಂದುಕೊಳ್ಳಬಹುದು.

ಈ ಪುಟ ಅಚ್ಚಿಗೆ ಹೋಗುವ ಹೊತ್ತಿಗೆ ಅವರಿಂದ ಇನ್ನೊಂದು ಕಾಗದ ಬಂದಿದೆ. ಹಿಡಿಕೆ ಈಗ ಹಿಂದಕ್ಕೆ ತಿರುಗುವುದಿಲ್ಲವಂತೆ. ಆದರೆ ಬಿಚ್ಚಿ ನೋಡಿದಾಗ ನೂಲಿನ ಉರುಳೆಯ ಬೇರಿಂಗು ತುಕ್ಕು ಹಿಡಿದು ಕಚ್ಚಿಕೊಂಡಿರುವುದು ಕಂಡಿತಂತೆ; ಯಜಮಾನರು ಅದರ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಸೋಮವಾರ ಮೈಸೂರಿಗೆ ಹೊರಟಿದ್ದಾರೆ. ಮಗನಿಗೂ ಸಂಗತಿಯೆಲ್ಲ ತಿಳಿಸಿದ್ದಾಯಿತು. ಅವನು ನಕ್ಕು, “ಅಪ್ಪ, ರಜೆಗೆ ಬರುವಾಗ ಸ್ಪ್ರಿಂಗು ತರುತ್ತೇನೆ, ಗ್ರೀಸು ಮಾತ್ರ ತರುವುದಿಲ್ಲ” ಎಂದನಂತೆ.